ಸೋಮವಾರಪೇಟೆ ಕಡೆಯ ಇಳಿಜಾರು ಬಾಣೆಯಲ್ಲಿ ವಿಶೇಷ ಮಕ್ಕಳ ಶಾಲೆ ಮತ್ತು ಥೆರಪಿ ಕೋಣೆಗಳನ್ನು ಕಟ್ಟುವುದು ಹೇಗೆ?

ಪ್ರಶ್ನೆ ಕೇಳಿದವರು: ಮಾದಾಪುರದ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಮಾದಾಪುರದ ಹತ್ತಿರದ ಊರೊಂದರಲ್ಲಿ ಹನ್ನೊಂದು ವರ್ಷಗಳಿಂದ ವಿಶೇಷ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನಮ್ಮ ಪುಟ್ಟ ಶಾಲೆ ಇದುವರೆಗೆ ಬಾಡಿಗೆಯ ಹಳೆಯ ಮನೆಯಲ್ಲಿ ನಡೆದಿದೆ. ಒಟ್ಟು 34 ಮಕ್ಕಳಿದ್ದಾರೆ. ಸೆರೆಬ್ರಲ್ ಪಾಲ್ಸಿ ಇರುವವರು, ಆಟಿಸಂ ಇರುವವರು, ಕಿವಿ ಕೇಳಿಸದವರು, ದೃಷ್ಟಿ ಮಂದವಾಗಿರುವವರು ಎಲ್ಲರೂ ಇದ್ದಾರೆ, ಒಂಬತ್ತು ಮಕ್ಕಳು ಓಡಾಟಕ್ಕೆ ಗಾಲಿಕುರ್ಚಿಯನ್ನೇ ನಂಬಿದ್ದಾರೆ. ಮಾತಿನ ಥೆರಪಿಗೂ ಫಿಸಿಯೋಥೆರಪಿಗೂ ಮಗುವನ್ನು ಎತ್ತಿಕೊಂಡು ಬಸ್ಸು ಹತ್ತಿ ಮೈಸೂರಿನವರೆಗೆ ಹೋಗಿ ಬರುವ ತಾಯಂದಿರ ಪಾಡನ್ನು ನೋಡಿ, ಪಾಠ ಮತ್ತು ಥೆರಪಿ ಎರಡೂ ಒಂದೇ ಆವರಣದಲ್ಲಿ ಸಿಗಬೇಕೆಂದು ನಮ್ಮ ಟ್ರಸ್ಟು ತೀರ್ಮಾನಿಸಿದೆ. ಊರಿನ ಕುಟುಂಬವೊಂದು ಒಂದೂಕಾಲು ಎಕರೆ ಬಾಣೆಯನ್ನು, ಅಂದರೆ ಗದ್ದೆಗೆ ಹೊಂದಿಕೊಂಡ ಗುಡ್ಡದ ಜಾಗವನ್ನು, ದಾನವಾಗಿ ಕೊಟ್ಟಿದೆ. ದಾಖಲೆಯ ಕೆಲಸವೂ ಮುಗಿದಿದೆ. ಜಾಗ ರಸ್ತೆಯಿಂದ ಮೇಲಕ್ಕೆ ಏರುತ್ತದೆ, ಕೆಳತುದಿಗೂ ಮೇಲ್ತುದಿಗೂ ಸುಮಾರು 9 ಮೀಟರ್ ಎತ್ತರದ ಅಂತರವಿದೆ.

ನಮ್ಮ ಕೈಗೆ ಬಂದಿರುವ ಮೊದಲ ನಕ್ಷೆಯಲ್ಲಿ, ನಡುವೆ ಬರೆ ಕಡಿದು, ಅಂದರೆ ಗುಡ್ಡದ ಮಣ್ಣನ್ನು ಗೋಡೆಯಂತೆ ನೇರವಾಗಿ ಕಡಿದು, ಜಾಗವನ್ನು ಸಮತಟ್ಟು ಮಾಡಿ, ಎರಡು ಅಂತಸ್ತಿನ ಕಟ್ಟಡ ಎಬ್ಬಿಸಿ, ಮೇಲಿನ ಅಂತಸ್ತಿನಲ್ಲಿ ಥೆರಪಿ ಕೋಣೆಗಳನ್ನಿಟ್ಟು, ಅಲ್ಲಿಗೆ ಲಿಫ್ಟ್ ಹಾಕಿ, ಎಲ್ಲದರ ಮೇಲೆ ತಗಡಿನ ಶೀಟು ಹೊದಿಸುವ ಯೋಜನೆಯಿದೆ. ಪರಿಸರಸ್ನೇಹಿಯಾಗಿರಲೆಂದು ಸೋಲಾರ್ ಪ್ಯಾನೆಲ್‌ಗಳನ್ನೂ ಜಾಗದ ಮೇಲ್ತುದಿಯಲ್ಲಿ ನಾಲ್ಕು ಇಂಗುಗುಂಡಿಗಳನ್ನೂ ಸೇರಿಸಿದ್ದಾರೆ. ನಕ್ಷೆ ಬರೆದವರ ಶ್ರಮಕ್ಕೆ ಗೌರವವಿದೆ, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಈಗಿನ ಮನೆಗೂ ಶೀಟಿನ ಮಾಡೇ (ಚಾವಣಿಯೇ) ಇದೆ. ಜುಲೈ ತಿಂಗಳಿನಲ್ಲಿ ಮಳೆ ಬಿರುಸಾದಾಗ ಆಟಿಸಂ ಇರುವ ಒಬ್ಬ ಹುಡುಗ ಮೇಜಿನ ಕೆಳಗೆ ನುಸುಳಿ, ಎರಡೂ ಕಿವಿಗಳನ್ನು ಅಂಗೈಯಿಂದ ಒತ್ತಿ ಹಿಡಿದು, ಮಳೆ ನಿಲ್ಲುವವರೆಗೆ ಹೊರಗೆ ಬರುವುದಿಲ್ಲ. ಶ್ರವಣ ಸಾಧನ ಹಾಕಿಕೊಂಡ ಮಕ್ಕಳು ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ನಾನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ.

ಮಣ್ಣಿನ ಇಟ್ಟಿಗೆಯಂಥ ಸ್ಥಳೀಯ ಸಾಮಗ್ರಿಗಳಿಂದ, ಲಿಫ್ಟಿನ ಹಂಗಿಲ್ಲದೆ, ನಮ್ಮ ಮಳೆಯನ್ನು ತಾಳಿಕೊಳ್ಳುವ ಶಾಲೆಯನ್ನು ಇಂಥ ಇಳಿಜಾರಿನಲ್ಲಿ ಕಟ್ಟಲು ಸಾಧ್ಯವೇ? ಥೆರಪಿ ಕೋಣೆಗಳ ವಿಷಯದಲ್ಲಿ ಕಟ್ಟುವ ಮೊದಲೇ ತೀರ್ಮಾನಿಸಬೇಕಾದ ಸಂಗತಿಗಳು ಯಾವುವು? ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಕುಶಾಲನಗರದ ನಿವೃತ್ತ ಇಂಜಿನಿಯರ್

ಮೇಡಂ, ತಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಸಾಮಗ್ರಿಯ ಮಾತನ್ನು ಆಮೇಲೆ ಆಡೋಣ. ಮೊದಲು ಜಾಗದ ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ತಾವು ನನಗಿಂತ ಹತ್ತಿರದಿಂದ ಕಂಡವರು. ನೀರು ಕುಡಿದು ಭಾರವಾದ ಮಣ್ಣಿಗೆ ಬುಡದ ಆಸರೆಯನ್ನೂ ಕಡಿದುಬಿಟ್ಟರೆ ಅದು ನಿಲ್ಲುವುದಿಲ್ಲ. ನಕ್ಷೆಯಲ್ಲಿ ಈ ಎರಡು ತಪ್ಪುಗಳೂ ಒಟ್ಟಿಗೆ ಇವೆ: ನಡುವೆ ಬರೆ ಕಡಿಯುವುದು ಒಂದು, ಅದರ ನೆತ್ತಿಯ ಮೇಲೆ ಇಂಗುಗುಂಡಿ ತೋಡುವುದು ಇನ್ನೊಂದು. ಇಂಗುಗುಂಡಿ ಬಯಲುಸೀಮೆಗೆ ಒಳ್ಳೆಯದು. ಕಡಿದ ಬರೆಯ ಮೇಲ್ಗಡೆ ಅದನ್ನು ತೋಡಿದರೆ, ಇಡೀ ಮಳೆಗಾಲ ಶಾಲೆಯ ಹಿಂದಿನ ಮಣ್ಣಿಗೆ ನಾವೇ ನೀರು ಕುಡಿಸಿದಂತಾಗುತ್ತದೆ. ಮೊದಲು ಆ ನಾಲ್ಕು ಗುಂಡಿಗಳನ್ನು ನಕ್ಷೆಯಿಂದ ತೆಗೆಸಿರಿ.

ಅದರ ಬದಲು ಮೇಲ್ತುದಿಯಲ್ಲಿ ಅಡ್ಡಲಾಗಿ ಕಲ್ಲು ಕಟ್ಟಿದ ಚರಂಡಿಯೊಂದನ್ನು ತೆಗೆದು, ಮೇಲಿನಿಂದ ಹರಿದು ಬರುವ ನೀರನ್ನು ಕಟ್ಟಡಕ್ಕೆ ತಾಗದಂತೆ ಬದಿಯ ತೋಡಿಗೆ ಸೇರಿಸಬೇಕು. ಮಾಡಿನ ನೀರನ್ನು ಮಾತ್ರ ತೊಟ್ಟಿಗೆ ಹಿಡಿಯಿರಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 600 ಚದರ ಮೀಟರ್ ಮಾಡಿಗೆ 2000 ಮಿಲಿಮೀಟರ್ ಮಳೆ ಸುರಿದರೆ ಲೆಕ್ಕಕ್ಕೆ 12 ಲಕ್ಷ ಲೀಟರ್. ಅಷ್ಟನ್ನೂ ಕೂಡಿಡುವ ಅಗತ್ಯವಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೇಸಿಗೆಗೆ ಸಾಕಾಗುವಷ್ಟು ದೊಡ್ಡ ತೊಟ್ಟಿ ಕಟ್ಟಿ, ಉಳಿದದ್ದನ್ನು ಕಲ್ಲು ಹಾಸಿದ ಕಾಲುವೆಯಲ್ಲಿ ಕೆಳಕ್ಕೆ ಬಿಟ್ಟರಾಯಿತು.

ಈಗ ಅಂತಸ್ತಿನ ವಿಷಯ. ರ‍್ಯಾಂಪಿಗೆ ನಮ್ಮಲ್ಲಿ ಒಪ್ಪಿರುವ ಗರಿಷ್ಠ ಇಳಿಜಾರು ಹನ್ನೆರಡಕ್ಕೆ ಒಂದು. ಮೂರು ಮೀಟರ್ ಎತ್ತರದ ಅಂತಸ್ತನ್ನು ಹತ್ತಲು ಆ ಲೆಕ್ಕದಲ್ಲಿ 36 ಮೀಟರ್ ಉದ್ದದ ರ‍್ಯಾಂಪ್ ಬೇಕು, ನಡುನಡುವಿನ ತಂಗುಜಾಗ ಬೇರೆ. ಲಿಫ್ಟನ್ನೇ ನಂಬುತ್ತೇವೆಂದರೆ, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದು ನಾಲ್ಕು ದಿನ ಕರೆಂಟು ಇಲ್ಲದಾಗ ಒಂಬತ್ತು ಮಕ್ಕಳನ್ನು ಯಾರು ಹೊತ್ತು ಇಳಿಸುವುದು? ಆದ್ದರಿಂದ ಒಂದೇ ಅಂತಸ್ತು ಸಾಕು, ಅದೂ ಒಂದೇ ದೊಡ್ಡ ಕಟ್ಟಡವಾಗಿ ಅಲ್ಲ. ಇಳಿಜಾರಿನಲ್ಲಿ ಒಂದೇ ಮಟ್ಟದಲ್ಲಿ ಅಡ್ಡಕ್ಕೆ ಸಾಗುವ ಗೆರೆಯನ್ನು ಹಿಡಿದು ಮೂರು ಚಿಕ್ಕ ಕಟ್ಟಡಗಳನ್ನು ಸಾಲಾಗಿ ಕೂರಿಸಿ, ಅವುಗಳನ್ನು ಮಾಡು ಹೊದಿಸಿದ ಜಗಲಿಯಿಂದ ಜೋಡಿಸಿರಿ. ಎಲ್ಲೋ ಅರ್ಧ ಮೀಟರ್ ವ್ಯತ್ಯಾಸ ಬಂದರೂ ಜಗಲಿಯಲ್ಲೇ ಇಪ್ಪತ್ತಕ್ಕೆ ಒಂದರಂತೆ 10 ಮೀಟರ್ ಉದ್ದಕ್ಕೆ ಅದನ್ನು ಕರಗಿಸಬಹುದು, ಮಕ್ಕಳಿಗೆ ಅದು ರ‍್ಯಾಂಪ್ ಅನ್ನಿಸುವುದೇ ಇಲ್ಲ. ಇಷ್ಟಕ್ಕೂ ಒಂದಿಷ್ಟು ಮಣ್ಣು ಕಡಿಯಲೇಬೇಕಾಗುತ್ತದೆ. ಆದರೆ ಆಳೆತ್ತರದ ಬರೆಗೂ ಮೊಣಕಾಲೆತ್ತರದ ಬರೆಗೂ ಬಹಳ ವ್ಯತ್ಯಾಸವಿದೆ. ತಡೆಗೋಡೆ ಕಟ್ಟುವುದಾದರೆ ಹಿಂದೆ ಜಲ್ಲಿ ತುಂಬಿ, ನೀರು ಬಸಿಯಲು ತೂತುಗಳನ್ನು ಬಿಡುವುದನ್ನು ಮರೆಯಬಾರದು.

ಇನ್ನೊಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 44ನೆಯ ಕಲಮಿನ ಪ್ರಕಾರ, ಪ್ರವೇಶ ಸೌಲಭ್ಯದ ನಿಯಮಗಳನ್ನು ಪಾಲಿಸದ ನಕ್ಷೆಗೆ ಅನುಮತಿ ಕೊಡುವಂತೆಯೇ ಇಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಎಲ್ಲ ಅಳತೆಗಳೂ ಇವೆ. ಆ ಪುಸ್ತಕವನ್ನು ಮುಂದಿಟ್ಟುಕೊಂಡೇ ನಕ್ಷೆ ಬರೆದವರೊಂದಿಗೆ ಕುಳಿತುಕೊಳ್ಳಿ.

ಉತ್ತರ: ವಿರಾಜಪೇಟೆಯ ಆಕ್ಯುಪೇಷನಲ್ ಥೆರಪಿಸ್ಟ್

ಅಕ್ಕ, ಮೇಜಿನ ಕೆಳಗೆ ಕೂರುವ ಆ ಹುಡುಗನ ಬಗ್ಗೆ ಓದಿ ಎದೆ ಭಾರವಾಯಿತು, ಏಕೆಂದರೆ ನಾನು ಕೆಲಸ ಮಾಡುವ ಕಡೆಯೂ ಜೂನ್ ಬಂತೆಂದರೆ ಅದೇ ಕಥೆ. ಮಕ್ಕಳಿಲ್ಲದ ಖಾಲಿ ತರಗತಿಯಲ್ಲಿ ಹಿನ್ನೆಲೆಯ ಸದ್ದು 35 ಡೆಸಿಬೆಲ್ ದಾಟಬಾರದು, ಮಾತಿನ ಮರುದನಿ 0.6 ಸೆಕೆಂಡಿನೊಳಗೆ ಅಡಗಬೇಕು ಎಂಬುದು ಅಮೆರಿಕದ ಶಾಲೆಗಳಿಗೆ ಮಾಡಿರುವ ಮಾನದಂಡ. ಬರೀ ತಗಡಿನ ಕೆಳಗೆ ನಮ್ಮ ಮಳೆಗೆ ಅದು ಕನಸಿನ ಮಾತು. ಮಾಡು ತೂಕವಾಗಿರಬೇಕು, ಅದನ್ನು ಹೇಗೆ ಮಾಡುವುದೆಂದು ಕಟ್ಟುವವರು ಹೇಳಲಿ. ನನ್ನ ಕೋರಿಕೆ ಇಷ್ಟೇ: ಹಣ ಸಾಲದೆ ಬಂದರೆ ಬೇರೆ ಎಲ್ಲಾದರೂ ಉಳಿಸಿ, ಮಾಡಿನಲ್ಲಿ ಉಳಿಸಬೇಡಿ.

ಮಾತಿನ ಥೆರಪಿ ಕೋಣೆ ದೊಡ್ಡದಿರಬೇಕಾಗಿಲ್ಲ, ಮೂರು ಮೀಟರ್ ಚೌಕ ಸಾಕು, ಆದರೆ ಅಡುಗೆಮನೆ, ಶೌಚಾಲಯ, ಆಟದ ಅಂಗಳ ಮೂರರಿಂದಲೂ ದೂರವಿರಬೇಕು. ಎದುರುಬದುರಿನ ಗೋಡೆಗಳಲ್ಲಿ ಒಂದಕ್ಕೆ ಪುಸ್ತಕದ ಕಪಾಟು, ಇನ್ನೊಂದಕ್ಕೆ ದಪ್ಪ ಹತ್ತಿಯ ಬಟ್ಟೆ ಹೊದಿಸಿದ ಹಲಗೆ ಇದ್ದರೆ ಮರುದನಿ ತಗ್ಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೇಗೂ ನಿಮ್ಮ ಮಕ್ಕಳು ಹೋಗಿ ಬಂದಿದ್ದಾರೆ. ಅಲ್ಲಿನ ಕೋಣೆಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು ಬಂದರೆ ಎಂಥ ಮೌನ ಬೇಕೆಂದು ನಿಮಗೇ ತಿಳಿಯುತ್ತದೆ.

ಎಲ್ಲರೂ ಮರೆಯುವ ಸಂಗತಿಯೊಂದಿದೆ: ಉಯ್ಯಾಲೆಯ ಕೊಕ್ಕೆ. ಸಂವೇದನಾ ಥೆರಪಿಯಲ್ಲಿ ಉಯ್ಯಾಲೆ ಮುಖ್ಯ ಉಪಕರಣ. ಅದು ಒಂದೇ ಬಿಂದುವಿನಿಂದ ತೂಗಿ ಸುತ್ತಲೂ ತಿರುಗುವಂತಿರಬೇಕು. ಜೋರಾಗಿ ತೂಗುವ ಮಗು ಕೊಕ್ಕೆಯ ಮೇಲೆ ಹಾಕುವ ಭಾರ ಅದರ ತೂಕಕ್ಕಿಂತ ಹೆಚ್ಚು, ಹಲವೊಮ್ಮೆ ಥೆರಪಿಸ್ಟ್ ಕೂಡ ಜೊತೆಗೆ ಕೂರುತ್ತಾರೆ. ಸ್ಲ್ಯಾಬ್ ಹಾಕಿದ ಮೇಲೆ ತೂತು ಕೊರೆದು ಬೋಲ್ಟ್ ಸಿಕ್ಕಿಸಿದ ಕಡೆ, ನಾನು ಹಿಂದೆ ಕೆಲಸ ಮಾಡಿದ ಕೇಂದ್ರವೊಂದರಲ್ಲಿ, ಎರಡನೆಯ ವರ್ಷವೇ ಬೋಲ್ಟಿನ ಸುತ್ತ ಗಾರೆ ಉದುರತೊಡಗಿತು; ಅದೃಷ್ಟಕ್ಕೆ ಅಂದು ಉಯ್ಯಾಲೆಯಲ್ಲಿ ಮಗು ಇರಲಿಲ್ಲ. ಕಾಂಕ್ರೀಟ್ ಹಾಕುವ ಮೊದಲೇ ತೊಲೆಯ ಕಬ್ಬಿಣಕ್ಕೆ ಸುತ್ತಿ ಕೊಕ್ಕೆಯನ್ನು ಇಡಿಸಿ, ಭಾರದ ಲೆಕ್ಕವನ್ನು ಇಂಜಿನಿಯರ್ ಸಹಿ ಮಾಡಿ ಕೊಡಲಿ. ಒಂದಲ್ಲ, ಮೂರು ಕಡೆ ಇಡಿಸಿ.

ಫಿಸಿಯೋಥೆರಪಿ ಕೋಣೆ ಬೆಳಗಿನ ಬಿಸಿಲು ಬೀಳುವ ಕಡೆಗಿರಲಿ. ಡಿಸೆಂಬರ್ ಬೆಳಗಿನಲ್ಲಿ ತಣ್ಣನೆಯ ನೆಲದ ಮೇಲೆ ಮಲಗಿಸಿದ ಮಗುವಿನ ಕಾಲುಗಳು ಬಿಗಿದುಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದನ್ನು ಸಡಿಲಿಸುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಮಳೆಗಾಲದಲ್ಲಿ ಚಾಪೆಗಳ ಅಡಿಯಲ್ಲಿ ಬೂಷ್ಟು ಬರುತ್ತದೆ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರಿನ ಚರ್ಮದ ಪಟ್ಟಿ ಹಸಿರಾಗುತ್ತದೆ, ಗಾಲಿಕುರ್ಚಿಯ ಬೇರಿಂಗ್ ತುಕ್ಕು ಹಿಡಿಯುತ್ತದೆ. ಅಡುಗೆಮನೆಯ ಒಲೆಯ ಗೋಡೆಗೆ ಆನಿಸಿ ಗಾಳಿಯಾಡುವ ಒಂದು ಚಿಕ್ಕ ಕೋಣೆ ಮಾಡಿದರೆ, ರಾತ್ರಿ ಇವನ್ನೆಲ್ಲ ಅಲ್ಲಿಟ್ಟು ಒಣಗಿಸಬಹುದು.

ಜಗಲಿಯ ಉದ್ದಕ್ಕೂ, ನಮ್ಮ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆಗಳ) ಕೈಯ್ಯಾಲೆಯಲ್ಲಿ (ಮುಂಜಗಲಿಯಲ್ಲಿ) ಕಂಬಗಳ ನಡುವೆ ಇರುವ ಐಮರದಂತೆ, ಅಗಲವಾದ ಮರದ ಹಲಗೆಯ ಆಸನ ಕೂರಿಸಿ. ಬಸ್ಸು ಸಿಗದೆ ಸಂಜೆಯವರೆಗೆ ಕಾಯುವ ತಾಯಂದಿರಿಗೆ ಕೂರಲು ಜಾಗವಾಗುತ್ತದೆ. ಎತ್ತರವನ್ನು ಗಾಲಿಕುರ್ಚಿಯ ಆಸನಕ್ಕೆ ಸಮವಾಗಿ, ಅಂದರೆ 45 ಸೆಂಟಿಮೀಟರಿನಷ್ಟು ಇಟ್ಟರೆ ಮಕ್ಕಳು ಕುರ್ಚಿಯಿಂದ ಅದಕ್ಕೆ ಜಾರಿ ಕೂರುವುದನ್ನು ಅಭ್ಯಾಸ ಮಾಡಬಹುದು. ಐನ್‌ಮನೆಯ ಎತ್ತರದ ಮೆಟ್ಟಿಲುಗಳನ್ನು ಮಾತ್ರ ಬಿಟ್ಟುಬಿಡೋಣ.

ಉತ್ತರ: ಶನಿವಾರಸಂತೆಯ ಕಟ್ಟಡ ಗುತ್ತಿಗೆದಾರ

ಅಕ್ಕನವರಿಗೆ ನಮಸ್ಕಾರ. ಮಣ್ಣಿನ ಇಟ್ಟಿಗೆಯಿಂದ ಖಂಡಿತ ಕಟ್ಟಬಹುದು, ಆದರೆ ಹಸಿಮಣ್ಣಿನಿಂದ ಅಲ್ಲ, ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿ ಹಳ್ಳಿಗಳಿಗೆ ತಲುಪಿಸಿದ್ದಾರೆ. ಸುಡುವ ಕೆಲಸವಿಲ್ಲದ್ದರಿಂದ ಸೌದೆ ಉಳಿಯುತ್ತದೆ. ಅಡಿಪಾಯಕ್ಕೆ ತೆಗೆದ ಮಣ್ಣೇ ಗೋಡೆಯಾಗುತ್ತದೆ, ಲಾರಿ ಬಾಡಿಗೆಯೂ ಉಳಿಯುತ್ತದೆ. ತೊಡಕೇನೆಂದರೆ ನಮ್ಮ ಕೆಂಪು ಮಣ್ಣಿನಲ್ಲಿ ಜೇಡಿ ಹೆಚ್ಚು. ಇಟ್ಟಿಗೆಗೆ ಮೂರರಲ್ಲಿ ಎರಡು ಪಾಲಿನಷ್ಟು ಮರಳಿನ ಅಂಶ ಬೇಕು, ಇಲ್ಲದಿದ್ದರೆ ಒಣಗುವಾಗ ಬಿರುಕು ಬಿಡುತ್ತದೆ. ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ಅಡಿಯಲ್ಲಿ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ ಪದರವಾಗಿ ನಿಲ್ಲುತ್ತದೆ. ಜೇಡಿ ಹೆಚ್ಚಿದ್ದರೆ ಕ್ರಷರ್ ಪುಡಿ, ಅಂದರೆ ಜಲ್ಲಿ ಒಡೆಯುವಾಗ ಬರುವ ಕಲ್ಲಿನ ಪುಡಿ, ಬೆರೆಸಬೇಕು. ಸಿಮೆಂಟು ನೂರಕ್ಕೆ ಏಳರಷ್ಟು ಸಾಕಾಗುತ್ತದೆ. ಕೊನೆಯ ತೀರ್ಮಾನಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಕೆಲಸದ ಕಾಲವನ್ನು ಈಗಲೇ ಹೊಂದಿಸಿಕೊಳ್ಳಿ. ಮಳೆ ಹೊರಟ ಮೇಲೆ ನವೆಂಬರ್ ಕೊನೆಯಲ್ಲಿ ಇಟ್ಟಿಗೆ ಒತ್ತಲು ತೊಡಗಬಹುದು, ಆದರೆ ಡಿಸೆಂಬರಿನಿಂದ ಕಾಫಿ ಕುಯ್ಲು ಶುರುವಾದರೆ ಆಳುಗಳು ಸಿಗುವುದಿಲ್ಲ. ಮುಂಗಡ ಮಾತಾಡಿ ಇಟ್ಟುಕೊಳ್ಳಬೇಕು. ಒತ್ತಿದ ಇಟ್ಟಿಗೆಗೆ ಮೂರು ವಾರ ನೀರುಣಿಸಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ತೋಟದವರೆಲ್ಲ ಕಾಯುತ್ತಾರೆ, ನಾವು ಮಾತ್ರ ಟಾರ್ಪಾಲು ಹಿಡಿದು ಇಟ್ಟಿಗೆ ರಾಶಿಯನ್ನು ಕಾಯಬೇಕು. ಮೇ ಮುಗಿಯುವುದರೊಳಗೆ ಮಾಡು ಕೂರಲೇಬೇಕು.

ಗೋಡೆಗೆ ಬುಡ ಮತ್ತು ನೆತ್ತಿ ಎರಡೂ ಭದ್ರವಾಗಿರಬೇಕು. ನೆಲಗಟ್ಟು ಸೈಜುಗಲ್ಲಿನದು, ಅದರ ಮೇಲೆ ಕಾಂಕ್ರೀಟ್ ಬೆಲ್ಟು, ಆಮೇಲೆ ಮಣ್ಣಿನ ಇಟ್ಟಿಗೆ. ಗಾಳಿಮಳೆ ಬಡಿಯುವ ನೈಋತ್ಯದ ಗೋಡೆಯನ್ನು ಮಾತ್ರ ನಾನು ಮಣ್ಣಿನಲ್ಲಿ ಕಟ್ಟುವುದಿಲ್ಲ. ಅದಕ್ಕೆ ಕೆಂಪುಕಲ್ಲು ಹಾಕಿ ಸುಣ್ಣದ ಗಾರೆ ಬಳಿಯುತ್ತೇನೆ. ಮಾಡಿನ ಮುಂಚಾಚು ಕನಿಷ್ಠ 1.2 ಮೀಟರ್ ಇರಲಿ. ಆಗ ಒಳಗೆ ಕತ್ತಲಾಗುತ್ತದೆ ಎನ್ನುವುದು ನಿಜ. ಅಲ್ಲಲ್ಲಿ ಮಾಡಿನಲ್ಲಿ ಕಿಂಡಿ ಬಿಟ್ಟು ಗಾಜಿನ ಹೆಂಚು ಕೂರಿಸಿ, ಆದರೆ ಬಡಗಣ ಮಗ್ಗುಲಿನಲ್ಲಿ ಮಾತ್ರ, ಇಲ್ಲದಿದ್ದರೆ ಬೇಸಿಗೆಯಲ್ಲಿ ಬಿಸಿಲಿನ ಚುಕ್ಕೆ ದೃಷ್ಟಿ ಮಂದವಾದ ಮಕ್ಕಳ ಕಣ್ಣಿಗೆ ಹೊಡೆಯುತ್ತದೆ.

ಮಾಡಿಗೆ ನನ್ನ ಸಲಹೆ ಇಳಿಜಾರಾದ ಫಿಲ್ಲರ್ ಸ್ಲ್ಯಾಬ್. ಸ್ಲ್ಯಾಬಿನ ಅಡಿಭಾಗದ ಕಾಂಕ್ರೀಟ್ ಭಾರ ಹೊರಲು ನೆರವಾಗುವುದಿಲ್ಲ, ಸುಮ್ಮನೆ ತೂಕ ಹೆಚ್ಚಿಸುತ್ತದೆ; ಕಬ್ಬಿಣದ ಸರಳುಗಳ ನಡುವಿನ ಆ ಜಾಗಕ್ಕೆ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಹಾಕಿದರೆ ಸಿಮೆಂಟು ಉಳಿಯುತ್ತದೆ, ಕೆಳಗಿನಿಂದ ನೋಡಲೂ ಚೆಂದ. ಕೇರಳದಲ್ಲಿ ಲಾರಿ ಬೇಕರ್ ಅವರು ಇದನ್ನು ಮನೆಮಾತಾಗಿಸಿದರು. ನಮ್ಮಲ್ಲಿ ಸಪಾಟಾಗಿ ಹಾಕಿದರೆ ಸೋರುತ್ತದೆ, ಆಮೇಲೆ ಅದರ ಮೇಲೂ ಶೀಟು ಬರುತ್ತದೆ. ಇಳಿಜಾರಾಗಿ ಹಾಕಿ, ಮೇಲೆ ಮತ್ತೊಂದು ಪದರ ಹೆಂಚು ಹೊದಿಸಿದರೆ ಮಳೆಯ ಸದ್ದು ದೂರದ ಹೊಳೆಯ ಮೊರೆತದಷ್ಟು ಮಾತ್ರ ಕೇಳುತ್ತದೆ. ಥೆರಪಿ ಮೇಡಂ ಹೇಳಿದ ಕೊಕ್ಕೆ ತೊಲೆಗೇ ಬರಬೇಕು, ಹೆಂಚಿರುವ ಜಾಗಕ್ಕೆ ಎಂದಿಗೂ ಬೇಡ. ಬಾಗಿಲು, ಐಮರಕ್ಕೆ ತೋಟದ ಸಿಲ್ವರ್ ಓಕ್ ಬಳಸಬಹುದು. ಕುಟ್ಟೆ ಹಿಡಿಯುತ್ತದೆಯಾದ್ದರಿಂದ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸಬೇಕು, ಮಳೆ ತಾಗಿದರೆ ಆ ಔಷಧ ತೊಳೆದುಹೋಗುವುದರಿಂದ ಮಾಡಿನೊಳಗೆ ಮಾತ್ರ ಬಳಸಬೇಕು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರನ್ನು ಕೇಳಿದರೆ ಪ್ರಮಾಣವನ್ನು ಸರಿಯಾಗಿ ತಿಳಿಸಿಯಾರು.

ಉತ್ತರ: ಮಡಿಕೇರಿಯ ಗಾಲಿಕುರ್ಚಿ ಬಳಕೆದಾರ

ಮೇಲಿನ ಮೂವರೂ ಬರೆದದ್ದನ್ನು ಕೃತಜ್ಞತೆಯಿಂದ ಓದಿದೆ. ಇಂಜಿನಿಯರ್ ಸರ್ ಅವರ ಮಾತಿಗೆ ಒಂದು ತಿದ್ದುಪಡಿ ಸೇರಿಸುತ್ತೇನೆ. ಹನ್ನೆರಡಕ್ಕೆ ಒಂದು ಎಂಬುದು ಒಣಗಿದ ನೆಲದ ಲೆಕ್ಕ. ನಾನು ಓದಿದ ಶಾಲೆಯಲ್ಲಿ ಬಯಲಿನ ರ‍್ಯಾಂಪಿತ್ತು. ಜುಲೈ ಎರಡನೆಯ ವಾರಕ್ಕೆ ಅದರ ಮೇಲೆ ಪಾಚಿ ಕಟ್ಟುತ್ತಿತ್ತು. ಏರುವಾಗ ಗಾಲಿ ತಿರುಗುತ್ತಿತ್ತು, ಕುರ್ಚಿ ಮಾತ್ರ ನಿಂತಲ್ಲೇ ನಿಲ್ಲುತ್ತಿತ್ತು. ಇಳಿಯುವಾಗ ಒಮ್ಮೆ ಹಿಡಿತ ತಪ್ಪಿ ಕೆಳಗಿನ ಹೂಕುಂಡಕ್ಕೆ ಹೋಗಿ ಬಡಿದೆ. ಮೊಣಕೈಯ ಗುರುತು ಈಗಲೂ ಇದೆ. ಅಂದಿನಿಂದ ಮಳೆಗಾಲ ಮುಗಿಯುವವರೆಗೆ ಇಬ್ಬರು ಸಹಪಾಠಿಗಳು ನನ್ನನ್ನು ಎತ್ತಿಕೊಂಡೇ ಹೋಗುತ್ತಿದ್ದರು. ಅವರ ಪ್ರೀತಿ ದೊಡ್ಡದು, ಆದರೆ ಶೌಚಾಲಯಕ್ಕೆ ಹೋಗಬೇಕೆಂದು ಅವರನ್ನು ಕರೆಯಲು ನಾಚಿಕೆಪಟ್ಟು, ಬೆಳಗಿನಿಂದ ನೀರು ಕುಡಿಯದೆ ಇದ್ದ ದಿನಗಳು ಬಹಳ. ಆದ್ದರಿಂದ ವಾಹನ ನಿಲ್ಲುವ ಜಾಗದಿಂದ ಶೌಚಾಲಯದವರೆಗೆ ಒಂದಡಿ ನೆಲವೂ ಮಳೆಗೆ ತೆರೆದುಕೊಂಡಿರಬಾರದು. ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ; ಕಾಂಕ್ರೀಟ್ ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಗೆರೆ ಎಳೆಸಿದರೆ ಸಾಕು.

ಹೊಸ್ತಿಲಿನ ವಿಷಯವನ್ನು ಯಾರೂ ಬರೆದಿಲ್ಲ. ನಮ್ಮ ಮೇಸ್ತ್ರಿಗಳು ಮಳೆನೀರು ಒಳಗೆ ಬರಬಾರದೆಂದು ಪ್ರತಿ ಬಾಗಿಲಿಗೂ ಎರಡಿಂಚು ಹೊಸ್ತಿಲು ಎತ್ತುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. 12 ಮಿಲಿಮೀಟರಿಗಿಂತ ಎತ್ತರದ ಹೊಸ್ತಿಲು ಮುಂದಿನ ಚಿಕ್ಕ ಗಾಲಿಯನ್ನು ತಡೆಯುತ್ತದೆ. ಬಾಗಿಲಿನ ಹೊರಗೆ ನೆಲಮಟ್ಟದಲ್ಲೇ ಜಾಲರಿ ಮುಚ್ಚಿದ ಸಣ್ಣ ಕಾಲುವೆ ತೆಗೆದರೆ ನೀರೂ ನಿಲ್ಲುತ್ತದೆ, ಗಾಲಿಯೂ ದಾಟುತ್ತದೆ. ಜಾಲರಿಯ ಸಂದು ಕೂಡ 12 ಮಿಲಿಮೀಟರಿನೊಳಗೇ ಇರಬೇಕು, ಸಂದುಗಳು ನಾವು ಸಾಗುವ ದಿಕ್ಕಿಗೆ ಅಡ್ಡವಾಗಿರಬೇಕು.

ಶೌಚಾಲಯವನ್ನು 2.2 ಮೀಟರಿಗೆ 2 ಮೀಟರಿನಂತೆ ಕಟ್ಟಿಸಿ, 90 ಸೆಂಟಿಮೀಟರ್ ತೆರವಿರುವ ಜಾರುಬಾಗಿಲು ಹಾಕಿಸಿ. ದೊಡ್ಡ ಮಕ್ಕಳಿಗೂ ಬಟ್ಟೆ ಬದಲಿಸಬೇಕಾಗುತ್ತದೆ. ಅವರನ್ನು ನೆಲದ ಮೇಲೆ ಮಲಗಿಸುವಂತಾಗಬಾರದು, ಒಂದು ಅಗಲವಾದ ಬೆಂಚು ಒಳಗೇ ಇರಲಿ. ಜಗಲಿಯ ಇಳಿಜಾರಿನಲ್ಲಿ ಹಿಡಿಕಂಬಿ ಎರಡೂ ಬದಿಗೆ, 76 ಮತ್ತು 90 ಸೆಂಟಿಮೀಟರ್ ಎತ್ತರದಲ್ಲಿ ಎರಡು ಸಾಲಾಗಿ ಬೇಕು, ಗೋಡೆಗಿಂತ ಬೇರೆಯಾಗಿ ಎದ್ದು ಕಾಣುವ ಬಣ್ಣದಲ್ಲಿ. ಕೊನೆಯದಾಗಿ, ನಕ್ಷೆ ಅಂತಿಮವಾಗುವ ಮೊದಲು ನಿಮ್ಮ ಒಂಬತ್ತು ಮಕ್ಕಳಲ್ಲಿ ದೊಡ್ಡವರನ್ನು ಜಾಗಕ್ಕೆ ಕರೆದೊಯ್ದು, ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಅವರ ಅಭಿಪ್ರಾಯ ಕೇಳಿ. ನನ್ನನ್ನು ಯಾರೂ ಕೇಳಿರಲಿಲ್ಲ.

ಪ್ರಶ್ನೆ ಕೇಳಿದವರು: ಮಾದಾಪುರದ ಶಿಕ್ಷಕಿ

ಇಷ್ಟು ವಿವರವಾಗಿ ಬರೆದ ನಿಮ್ಮೆಲ್ಲರಿಗೂ ನಾನು ಋಣಿ. ಹತ್ತು ದಿನಗಳಲ್ಲಿ ಆದದ್ದನ್ನು ತಿಳಿಸುತ್ತೇನೆ. ಎಲ್ಲ ಉತ್ತರಗಳನ್ನೂ ಅಚ್ಚು ಹಾಕಿಸಿ ಟ್ರಸ್ಟಿನ ಸಭೆಯಲ್ಲಿ ಓದಿದೆ. ಇಂಗುಗುಂಡಿಗಳನ್ನೂ ಎರಡನೆಯ ಅಂತಸ್ತನ್ನೂ ಕೈಬಿಡಲು ಒಪ್ಪಿದ್ದಾರೆ, ಲಿಫ್ಟಿಗೆ ಇಟ್ಟಿದ್ದ ಹಣ ಮಾಡಿಗೆ ಹೋಗುತ್ತದೆ. ಸೋಲಾರ್ ದೀಪಗಳಿಗೆ ಮಾತ್ರ ಉಳಿದಿದೆ. ಶನಿವಾರ ನಾವು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಸಮಮಟ್ಟದ ಗೆರೆಯನ್ನು ಸುಣ್ಣದಲ್ಲಿ ಗುರುತಿಸಿದೆವು. ಅದು ಹಳೆಯ ಹಲಸಿನ ಮರವನ್ನು ಬಳಸಿಕೊಂಡು ಹೋಗುತ್ತದೆ, ಮರ ಕಡಿಯಬೇಕಾಗಿಲ್ಲ. ಮೂವರು ಮಕ್ಕಳು ಬಂದಿದ್ದರು. ಅವರಲ್ಲಿ ಹದಿನಾಲ್ಕು ವರ್ಷದ ಹುಡುಗಿ, ಶೌಚಾಲಯ ಊಟದ ಕೋಣೆಯ ಎದುರಿಗೆ ಬೇಡ, ಒಳಗೆ ಹೋಗುವುದನ್ನು ಎಲ್ಲರೂ ನೋಡುತ್ತಾರೆ ಎಂದಳು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಗೆರೆಯನ್ನು ಅಳಿಸಿ ಬೇರೆ ಕಡೆ ಎಳೆದೆವು.

ಬಾಟಲಿಯ ಪರೀಕ್ಷೆಯನ್ನೂ ಮಾಡಿದೆ. ಅರ್ಧಕ್ಕಿಂತ ಹೆಚ್ಚು ಜೇಡಿಯೇ ಕಾಣುತ್ತಿದೆ, ನೀರು ಎರಡು ದಿನವಾದರೂ ತಿಳಿಯಾಗಿಲ್ಲ. ಮಣ್ಣಿನ ಇಟ್ಟಿಗೆಯ ಆಸೆ ಬಿಡಬೇಕೇ, ಅಣ್ಣ?

ಉತ್ತರ: ಶನಿವಾರಸಂತೆಯ ಕಟ್ಟಡ ಗುತ್ತಿಗೆದಾರ

ಈಗಲೇ ಬಿಡಬೇಡಿ ಅಕ್ಕ. ನೀವು ಮೇಲಿನ ಮಣ್ಣನ್ನು ತೆಗೆದಿರಬೇಕು. ಅದರಲ್ಲಿ ಎಲೆಗೊಬ್ಬರ ಸೇರಿರುವುದರಿಂದ ನೀರು ಬೇಗ ತಿಳಿಯಾಗುವುದಿಲ್ಲ. ಎರಡಡಿ ಕೆಳಗಿನ ಮಣ್ಣನ್ನು ಮೂರು ಕಡೆಯಿಂದ ತೆಗೆದು ಬೇರೆ ಬೇರೆ ಬಾಟಲಿಗಳಲ್ಲಿ ಹಾಕಿ, ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಿ ಇಡಿ. ಆಗಲೂ ಜೇಡಿ ಅರ್ಧದಷ್ಟಿದ್ದರೆ ಒಂದು ಪಾಲು ಮಣ್ಣಿಗೆ ಒಂದು ಪಾಲಿಗಿಂತ ಹೆಚ್ಚು ಕ್ರಷರ್ ಪುಡಿ ಬೇಕಾಗುತ್ತದೆ, ಆಗ ಕೆಂಪುಕಲ್ಲಿನ ದರದೊಂದಿಗೆ ಹೋಲಿಸಿ ನೋಡೋಣ. ಭಾನುವಾರ ಬೆಳಿಗ್ಗೆ ಬರುತ್ತೇನೆ, ಇಟ್ಟಿಗೆ ಒತ್ತುವ ಯಂತ್ರವನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಬರುತ್ತೇನೆ. ಹತ್ತು ಇಟ್ಟಿಗೆ ಅಲ್ಲೇ ಒತ್ತಿ ಹಲಸಿನ ಮರದ ನೆರಳಿನಲ್ಲಿ ಗೋಣಿ ಹೊದಿಸಿ ಇಡೋಣ. ಮೂರು ವಾರ ದಿನಾ ನೀರು ಚಿಮುಕಿಸುವ ಕೆಲಸ ನಿಮ್ಮ ಮಕ್ಕಳದ್ದು.